ರೇಡಿಯೇಟರಿಗೆ ಒಂದು ಚಮಚ ಅರಿಶಿನ

ಆ ಸೋಮವಾರ ಬೆಳಿಗ್ಗೆ ಕಾಪುವಿನ ನಮ್ಮ ಗ್ಯಾರೇಜಿನಲ್ಲಿ ಇದ್ದದ್ದು ಮೂರೇ ಜನ. ನಾನು, ವೈರಿಂಗ್ ಕೆಲಸ ನೋಡಿಕೊಳ್ಳುವ ನನ್ನ ಬಾವ, ಮತ್ತು ಮೀನಿನ ಟೆಂಪೋದ ಹಿಂದೆ ಹಗ್ಗ ಕಟ್ಟಿಸಿಕೊಂಡು ತಮ್ಮ ಕಾರನ್ನು ತಂದಿದ್ದ, ನಮ್ಮ ಹಳೆಯ ಗಿರಾಕಿ ಒಬ್ಬ ಅಕ್ಕ. ಟೆಂಪೋದವನು ಹಗ್ಗ ಬಿಚ್ಚಿಕೊಂಡು ಆಗಲೇ ಹೋಗಿದ್ದ. ಕಾರಿನಿಂದ ಇಳಿದ ಅಕ್ಕ ಕಾರನ್ನು ನೋಡಲಿಲ್ಲ, ಕೈಗಡಿಯಾರ ನೋಡಿದರು.

“ಏಳೂಕಾಲು. ಎಂಟು ಗಂಟೆಗೆ ಮಣಿಪಾಲದಲ್ಲಿ ಎರಡು ಮಕ್ಕಳು ಕಾಯ್ತಾ ಉಂಟು.”

“ಅಷ್ಟು ಸಣ್ಣ ಮಕ್ಕಳು ಕಾಯುದಿಲ್ಲ ಅಕ್ಕ, ಮಲಗಿರ್ತವೆ,” ಎಂದ ಬಾವ.

“ಮಕ್ಕಳು ಮಲಗ್ತವೆ, ಅಮ್ಮ ಕಾಯ್ತಾಳೆ. ನಿನಗೆ ಎಂತ ಗೊತ್ತು ಮಾರಾಯ, ಒಂದು ದಿನವಾದ್ರೂ ಮಗು ಮೀಯಿಸಿದ್ದುಂಟಾ?”

ಬಾವ ಬಾನೆಟ್ ಎತ್ತಿದ.

ಈ ಅಕ್ಕನ ಉದ್ಯೋಗ ಬಾಣಂತಿ ಆರೈಕೆ. ಹೆರಿಗೆಯಾದ ಮನೆಗೆ ದಿನಾ ಬೆಳಿಗ್ಗೆ ಹೋಗಿ, ತಾಯಿಗೆ ಎಣ್ಣೆ ಹಚ್ಚಿ ನೀವಿ, ಮಗುವನ್ನು ಕಾಲ ಮೇಲೆ ಮಲಗಿಸಿ ಮೀಯಿಸಿ, ಸಾಂಬ್ರಾಣಿ ಹೊಗೆ ಕೊಟ್ಟು ಬರುವುದು. ಒಂದು ಮನೆ ಹಿಡಿದರೆ ನಲವತ್ತು ದಿನ. ಆ ಸಲ ಅವರ ಕೈಯಲ್ಲಿ ಎರಡು ಮನೆ ಇತ್ತು: ಮಣಿಪಾಲದ ಒಂದು ಫ್ಲ್ಯಾಟಿನಲ್ಲಿ ಅವಳಿ ಮಕ್ಕಳು, ಕಾರ್ಕಳದಲ್ಲಿ ಒಂದು ಗಂಡು ಮಗು. ಕಾಪುವಿನಿಂದ ಉಡುಪಿ, ಮಣಿಪಾಲ, ಅಲ್ಲಿಂದ ಹಿರಿಯಡ್ಕದ ದಾರಿಯಾಗಿ ಕಾರ್ಕಳ, ಮತ್ತೆ ಬೆಳ್ಮಣ್ಣು, ಶಿರ್ವ ಸುತ್ತಿ ಮನೆಗೆ. ಪಾತ್ರೆ, ಮಣೆ, ಎಣ್ಣೆಯ ಬಾಟ್ಲಿ, ಕಡಲೆಹಿಟ್ಟು, ಅರಿಶಿನದ ಡಬ್ಬಿ ಎಲ್ಲ ಕಾರಿನ ಹಿಂದಿನ ಸೀಟಿನಲ್ಲಿ. ಮೀನು ಹಿಡಿಯುವ ಬೋಟಿಗೆ ಹೋಗುತ್ತಿದ್ದ ಗಂಡ ಬೆನ್ನಿಗೆ ಪೆಟ್ಟಾಗಿ ಮನೆಯಲ್ಲಿ ಕೂತ ಮೇಲೆ, ನಲವತ್ತಾರನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು, ಈ ಕಾರನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡವರು ಅವರು. ಹದಿನಾಲ್ಕು ವರ್ಷ ಹಳೆಯ ಸಣ್ಣ ಪೆಟ್ರೋಲ್ ಕಾರು. ಒಂದು ಲಕ್ಷದ ತೊಂಬತ್ತು ಸಾವಿರ ಕಿಲೋಮೀಟರು ಓಡಿತ್ತು.

“ಒಂದು ಮಾತು ಕೇಳ್ತೇನೆ ಅಣ್ಣ,” ಎಂದರು ಅಕ್ಕ. “ಪಡುಬಿದ್ರಿಯ ಬ್ರೋಕರ್ ಇದಕ್ಕೆ ಮೂವತ್ತು ಸಾವಿರ ಕೊಡ್ತಾನಂತೆ, ಇದ್ದ ಹಾಗೆ. ಕೊಟ್ಟುಬಿಡುದಾ, ರಿಪೇರಿ ಮಾಡಿಸುದಾ? ಕೊಟ್ರೆ ಇನ್ನೊಂದು ಕಾರು ತೆಗಿಲಿಕ್ಕೆ ನನ್ನಿಂದ ಆಗುದಿಲ್ಲ. ಕಾರಿಲ್ಲದೆ ಕಾರ್ಕಳದ ಮನೆಗೆ ಹೋಗ್ಲಿಕ್ಕೂ ಆಗುದಿಲ್ಲ. ನೀವು ಹೇಳಿದ ಹಾಗೆ.”

‘ನೀವು ಹೇಳಿದ ಹಾಗೆ’ ಎಂಬ ಮಾತನ್ನು ನಮ್ಮ ಕಸುಬಿನಲ್ಲಿ ದಿನಕ್ಕೆ ಹತ್ತು ಸಲ ಕೇಳುತ್ತೇವೆ. ಕೇಳಿ ಕೇಳಿ ಅದರ ಭಾರ ತಿಳಿಯುವುದಿಲ್ಲ. “ಮೊದಲು ನೋಡ್ತೇನೆ ಅಕ್ಕ,” ಎಂದೆ. ಅವರು ಮಣೆ, ಪಾತ್ರೆ ಎಲ್ಲ ಅಲ್ಲೇ ಬಿಟ್ಟು, ಎಣ್ಣೆಯ ಚೀಲ ಒಂದನ್ನು ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಓಡಿದರು.

ಕಾರಿನ ರೋಗ ಮೇಲುನೋಟಕ್ಕೆ ಸುಲಭದ್ದಾಗಿತ್ತು. ಬಿಸಿಯ ಮುಳ್ಳು ಕೆಂಪಿಗೆ ಏರುತ್ತದೆ, ರೇಡಿಯೇಟರಿನ ಫ್ಯಾನ್ ತಿರುಗುವುದಿಲ್ಲ. ಬಾವ ಫ್ಯೂಸು ನೋಡಿದ, ಸರಿಯಿತ್ತು. ರಿಲೇ ಸರಿಯಿತ್ತು. ಬ್ಯಾಟರಿಯಿಂದ ನೇರ ಎರಡು ವಯರು ಎಳೆದು ಫ್ಯಾನಿಗೆ ಕೊಟ್ಟ. ಅಲುಗಲಿಲ್ಲ. ಮೋಟರು ಸುಟ್ಟುಹೋಗಿತ್ತು. ಎರಡು ಸಾವಿರದ ಮುನ್ನೂರರ ಹೊಸ ಮೋಟರು ತಂದು ಕೂರಿಸಿದೆವು. ರೇಡಿಯೇಟರಿನ ಮುಚ್ಚಳ ತೆಗೆದಾಗ ಒಳಗಿನ ನೀರು ಹಳದಿ ಕಂಡಿತು. ಹಳೆಯ ಕಾರು, ತುಕ್ಕಿನ ನೀರು ಎಂದುಕೊಂಡು ಮೇಲಿಂದ ನೀರು ತುಂಬಿಸಿ ಮುಚ್ಚಿದೆ. ಇಪ್ಪತ್ತು ನಿಮಿಷ ಇಂಜಿನ್ ನಿಂತಲ್ಲೇ ಓಡಿಸಿ ನೋಡಿದೆ. ಫ್ಯಾನ್ ಹೊತ್ತಿಗೆ ಸರಿಯಾಗಿ ತಿರುಗಿತು, ಹೊತ್ತಿಗೆ ಸರಿಯಾಗಿ ನಿಂತಿತು. ಮಧ್ಯಾಹ್ನ ಬಂದ ಅಕ್ಕನಿಗೆ ಕೀಲಿ ಕೊಟ್ಟು, “ರಿಪೇರಿಯೇ ಮಾಡಿಸಿ ಅಕ್ಕ, ಕೊಡುದು ಬೇಡ. ಸಣ್ಣ ಕೆಲಸ, ಆಯ್ತು,” ಎಂದೆ.

ಹಳದಿ ನೀರಿನ ಮುಂದೆ ನಾನು ಎರಡು ನಿಮಿಷ ನಿಂತಿದ್ದರೆ ಮುಂದಿನದ್ದು ಬೇರೆಯೇ ಆಗುತ್ತಿತ್ತು.

ಮರುದಿನ ಬೆಳಿಗ್ಗೆ ಏಳೂವರೆಗೆ ಫೋನು. ಇಂದ್ರಾಳಿಯಿಂದ ಮಣಿಪಾಲಕ್ಕೆ ಏರುವ ದಾರಿಯಲ್ಲಿ ಕಾರು ಹೊಗೆ ಬಿಟ್ಟು ನಿಂತಿದೆ. ನಿಂತಲ್ಲಿ ತಣ್ಣಗಿರುವ ಇಂಜಿನು ಏರಿನಲ್ಲಿ ಕುದಿಯುತ್ತದೆ ಎಂದರೆ ಫ್ಯಾನಿನ ಮಾತಲ್ಲ ಅದು, ನೀರಿನ ಹರಿವಿನ ಮಾತು. ವ್ಯಾನಿನಲ್ಲಿ ಹೋಗುವಾಗ ದಾರಿಯುದ್ದಕ್ಕೂ ನನಗೆ ನಾನೇ ಬೈದುಕೊಂಡೆ. ಅಲ್ಲಿ ಮುಟ್ಟಿದರೆ ಅಕ್ಕ ಮಣೆ, ಪಾತ್ರೆ ರಸ್ತೆಬದಿಯಲ್ಲಿ ಸಾಲಾಗಿ ಇಟ್ಟುಕೊಂಡು ತಯಾರಾಗಿ ನಿಂತಿದ್ದಾರೆ. ನಾನು ಬಾನೆಟ್ಟಿನ ಕಡೆ ಹೊರಟೆ.

“ಅದು ಮತ್ತೆ. ಮೊದಲು ಇದನ್ನು ವ್ಯಾನಿಗೆ ಹಾಕಿ,” ಎಂದರು. “ನಿನ್ನೆ ಒಂದೂವರೆ ಗಂಟೆ ತಡ ಆಯ್ತು. ಮಕ್ಕಳ ಅಜ್ಜಿ ಬಾಗಿಲಲ್ಲೇ ನಿಂತು ಹೇಳಿದ್ರು, ಈಗ ಫೋನಿನಲ್ಲೇ ಬುಕ್ ಮಾಡಿದ್ರೆ ಹುಡುಗಿಯರು ಬರ್ತಾರಂತೆ, ಹೊತ್ತಿಗೆ ಸರಿಯಾಗಿ. ಕಾರ್ಕಳಕ್ಕಂತೂ ಹೋಗ್ಲೇ ಇಲ್ಲ ನಾನು. ಇವತ್ತೂ ತಪ್ಪಿದ್ರೆ ಎರಡೂ ಮನೆ ಹೋಯ್ತು ಅಂತ ಲೆಕ್ಕ.”

ಆ ಫ್ಲ್ಯಾಟಿನ ಕೆಳಗೆ ಒಂದು ಗಂಟೆ ಕಾದೆ. ಮೇಲಿನ ಕಿಟಕಿಯಿಂದ ಒಂದು ಮಗು ಕಿರುಚಿ ಅಳುವುದು ಕೇಳಿತು. ಸ್ವಲ್ಪ ಹೊತ್ತಿಗೆ ನಿಂತಿತು. ಮತ್ತೆ ಇನ್ನೊಂದರ ಸರದಿ. ಅದೂ ನಿಂತಿತು. ಆಮೇಲೆ ಸಾಂಬ್ರಾಣಿಯ ಪರಿಮಳ ಕೆಳಗಿನ ತನಕ ಬಂತು. ನನ್ನ ಕೆಲಸದ ಹಿಂದೆ ಇಂಥ ಕೆಲಸವೂ ಇರುತ್ತದೆ ಎಂಬುದನ್ನು ನಾನು ಅಷ್ಟು ಹತ್ತಿರದಿಂದ ಕೇಳಿದ್ದು ಅದೇ ಮೊದಲು.

ಅಲ್ಲಿಂದ ಅವರನ್ನು ಕಾರ್ಕಳಕ್ಕೂ ಕರೆದುಕೊಂಡು ಹೋದೆ. ಅಷ್ಟರಲ್ಲಿ ಬಾವ ಕಾರನ್ನು ಎಳೆಸಿಕೊಂಡು ಗ್ಯಾರೇಜಿಗೆ ಮುಟ್ಟಿಸಿದ್ದ. ಸಂಜೆ ಇಬ್ಬರೂ ಕೂತು, ಸೋಮವಾರವೇ ಮಾಡಬೇಕಿದ್ದ ತಪಾಸಣೆಯನ್ನು ಕ್ರಮವಾಗಿ ಮಾಡಿದೆವು. ಇಂಜಿನ್ ಬಿಸಿ ಮಾಡಿ ರೇಡಿಯೇಟರಿನ ಮೈಮೇಲೆ ಅಂಗೈ ಆಡಿಸಿದರೆ ಮೇಲ್ಭಾಗ ಕೈ ಸುಡುತ್ತದೆ, ನಡುವಿನಿಂದ ಕೆಳಗೆ ತಣ್ಣಗೆ. ಅಂದರೆ ಒಳಗಿನ ನಳಿಗೆಗಳು ಕಟ್ಟಿಹೋಗಿವೆ. ಅದೊಂದೇ ಆಗಿದ್ದರೆ ಒಳ್ಳೆಯದಿತ್ತು. ತಣಿದ ಮೇಲೆ ಮುಚ್ಚಳ ತೆಗೆದು ಇಂಜಿನ್ ಚಾಲೂ ಮಾಡಿದಾಗ ನೀರಿನಲ್ಲಿ ಗುಳ್ಳೆಗಳು ಏಳತೊಡಗಿದವು, ಒಂದರ ಹಿಂದೆ ಒಂದು. ನಾಲ್ಕೂ ಪ್ಲಗ್ ಬಿಚ್ಚಿ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜು ಹಾಕಿದೆ. ಮೊದಲನೆಯ ಸಿಲಿಂಡರು ನೂರ ಅರವತ್ತೈದು. ನಾಲ್ಕನೆಯದು ನೂರ ಅರವತ್ತು. ಎರಡು ಮತ್ತು ಮೂರು ತೊಂಬತ್ತು ದಾಟಲಿಲ್ಲ. ಪಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಬಿದ್ದರೆ ಅವುಗಳ ನಡುವಿನ ಹೆಡ್ ಗ್ಯಾಸ್ಕೆಟ್, ಇಂಜಿನಿನ ತಲೆಯ ಅಡಿಯ ತೆಳು ಪದರ, ಸುಟ್ಟಿದೆ ಎಂದೇ ಅರ್ಥ. ಇಂಜಿನಿನ ತಲೆ ಬಿಚ್ಚಬೇಕು.

ಬಾವ ಗೇಜನ್ನು ಬಟ್ಟೆಯಲ್ಲಿ ಒರೆಸುತ್ತಾ ಮೆಲ್ಲ ಹೇಳಿದ. “ಸೋರುದು ನಿಲ್ಲಿಸುವ ಸೀಲರ್ ಒಂದು ಬಾಟ್ಲಿ ಹಾಕಿಬಿಡುವ. ಎರಡು ತಿಂಗಳು ಎಳೀತದೆ. ಅವರ ಎರಡೂ ಮನೆ ಮುಗೀತದೆ. ಆಮೇಲೆ ಬ್ರೋಕರಿಗೆ ಕೊಡ್ಲಿ. ತಲೆ ಬಿಚ್ಚಿದ್ರೆ ಇಪ್ಪತ್ತು ಸಾವಿರ. ಮೂವತ್ತು ಸಾವಿರದ ಕಾರಿಗೆ ಯಾರು ಇಪ್ಪತ್ತು ಹಾಕ್ತಾರೆ?”

ಅವನ ಮಾತಿನಲ್ಲಿ ಮೋಸ ಇರಲಿಲ್ಲ, ಕನಿಕರವೇ ಇದ್ದದ್ದು. ನಾಳೆ ಹೇಗೂ ಅಕ್ಕನನ್ನು ಕಾರ್ಕಳಕ್ಕೆ ಬಿಡಬೇಕು, ಅಲ್ಲಿ ರೇಡಿಯೇಟರ್ ಕೆಲಸದ ಹಳೆಯ ಸಾಹೇಬರು ಒಬ್ಬರಿದ್ದಾರೆ, ಅವರಿಗೆ ತೋರಿಸಿ ನೋಡುವ ಎಂದು ರೇಡಿಯೇಟರು ಬಿಚ್ಚಿ ವ್ಯಾನಿಗೆ ಹಾಕಿಕೊಂಡೆ.

ಬುಧವಾರ ಅಕ್ಕನನ್ನು ಕಾರ್ಕಳದ ಮನೆಗೆ ಬಿಟ್ಟು ಸಾಹೇಬರ ಅಂಗಡಿಗೆ ಹೋದೆ. ಎಪ್ಪತ್ತು ದಾಟಿದ ಬ್ಯಾರಿ ಹಿರಿಯರು. ಕನ್ನಡಕವನ್ನು ಹಣೆಗೇರಿಸಿ, ರೇಡಿಯೇಟರನ್ನು ಬುಡಮೇಲು ಮಾಡಿ, ಮರದ ಸುತ್ತಿಗೆಯಿಂದ ಎರಡು ಸಲ ಮೆತ್ತಗೆ ತಟ್ಟಿದರು. ಬಾಯಿಯಿಂದ ದಪ್ಪ ಹಳದಿ ಕೆಸರು ತೊಪ್ಪೆಂದು ನೆಲಕ್ಕೆ ಬಿತ್ತು. ಅವರು ಬೆರಳಲ್ಲಿ ಮುಟ್ಟಿ, ಉಜ್ಜಿ, ಮೂಗಿನ ಹತ್ತಿರ ಹಿಡಿದರು.

“ಎಂತ ಮಾರಾಯ ಇದು? ಕಾರಾ, ಮೀನು ಸಾರಿನ ಪಾತ್ರೆಯಾ?”

ನಾನು ಬಗ್ಗಿ ಮೂಸಿದೆ. ಅರಿಶಿನ. ತುಕ್ಕಲ್ಲ, ಅಚ್ಚ ಅರಿಶಿನ.

“ನಮ್ಮಲ್ಲಿ ಲೀಕಿಗೆ ಹಾಕ್ತಾರೆ, ನಾನೂ ನೋಡಿದ್ದೇನೆ,” ಎಂದರು ಸಾಹೇಬರು. “ದಾರಿಯಲ್ಲಿ ಸಿಕ್ಕಿಬಿದ್ರೆ ಒಂದು ಚಮಚ. ಆದ್ರೆ ಇದು ಚಮಚದ ಲೆಕ್ಕ ಅಲ್ಲ. ಇದರಲ್ಲಿ ಒಂದು ಮದುವೆಯ ಅಡುಗೆ ಆಗ್ತದೆ.”

ಅಷ್ಟರಲ್ಲಿ ಕೆಲಸ ಮುಗಿಸಿ ಅಕ್ಕ ಅಲ್ಲಿಗೇ ನಡೆದು ಬಂದರು. ನೆಲದ ಮೇಲಿನ ಕೆಸರು ನೋಡಿ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ.

“ನಾನು ಹಾಕಿದ್ದೇ ಅದು,” ಎಂದರು. “ನೀವೇ ಹೇಳಿದ್ದಲ್ವಾ ಅಣ್ಣ, ಅರಿಶಿನ ಹಾಕ್ಲಿಕ್ಕೆ?”

ಆಗ ನೆನಪಾಯಿತು. ಎರಡು ವರ್ಷದ ಹಿಂದೆ ಪಡುಬಿದ್ರಿಯ ಹತ್ತಿರದಿಂದ ಫೋನು ಮಾಡಿದ್ದರು. ನೀರು ಸಣ್ಣಗೆ ಸೋರುತ್ತಿದೆ, ಏನು ಮಾಡಲಿ ಎಂದು. ನಾನು ಯಾವುದೋ ಲಾರಿಯ ಅಡಿಯಲ್ಲಿ ಮಲಗಿದ್ದೆ. “ನಿಮ್ಮ ಡಬ್ಬಿಯಲ್ಲಿ ಅರಿಶಿನ ಉಂಟಲ್ವಾ, ಒಂದು ಚಮಚ ಹಾಕಿ, ನಿಲ್ತದೆ” ಎಂದಿದ್ದೆ. ನಿಂತಿತ್ತು. ಮರುದಿನ ಗ್ಯಾರೇಜಿಗೆ ಬಂದು, “ನಿಂತಿತು ಅಣ್ಣ, ಮತ್ತೆ ಎಂತ ಮಾಡ್ಬೇಕು?” ಎಂದು ಕೇಳಿದಾಗ, ಕೆಲಸದ ಗಡಿಬಿಡಿಯಲ್ಲಿ “ಎಂತ ಬೇಡ, ಹಾಗೇ ಇರ್ಲಿ” ಎಂದು ಕಳಿಸಿದ್ದೆ. ಆ ಅರಿಶಿನವನ್ನು ಚೆಲ್ಲಿ ಒಳಗೆ ತೊಳೆಯಬೇಕು ಎಂದು ನಾನು ಹೇಳಲಿಲ್ಲ. ದಿನಾ ಅರಿಶಿನದಿಂದಲೇ ಮೈ ಕಾಯುವ ಕೈ ಅವರದ್ದು. ಒಂದು ಚಮಚದಿಂದ ಗುಣ ಕಂಡಿತ್ತಲ್ಲ, ವಾರಕ್ಕೊಮ್ಮೆ ನೀರು ತುಂಬಿಸುವಾಗಲೆಲ್ಲ ಕಾರಿಗೂ ಒಂದು ಚಮಚ. ಎರಡು ವರ್ಷ.

ನಳಿಗೆ ಕಟ್ಟಿತು. ತಂಪಾಗದ ನೀರಿಗಾಗಿ ಫ್ಯಾನು ಬಿಡುವಿಲ್ಲದೆ ತಿರುಗಿ ಸುಟ್ಟಿತು. ಫ್ಯಾನು ನಿಂತಾಗ ಇಂಜಿನು ಕುದಿದು ಗ್ಯಾಸ್ಕೆಟ್ ಹೋಯಿತು. ಎಲ್ಲದರ ಬುಡದಲ್ಲಿ ನನ್ನ ಬಾಯಿಯಿಂದ ಬಂದ ಒಂದು ಮಾತು, ಮತ್ತು ಬಾರದೆ ಉಳಿದ ಇನ್ನೊಂದು ಮಾತು.

ಸಾಹೇಬರು ನನ್ನ ಮುಖ ನೋಡಿದರು. ಅಕ್ಕನಿಗೆ ವಿಷಯ ಇನ್ನೂ ತಿಳಿದಿಲ್ಲ ಎಂಬುದು ಅವರಿಗೆ ಗೊತ್ತಾಗಿತ್ತು. “ಒಳಗೆ ಕಟ್ಟಿದೆ, ಅಷ್ಟೇ ಅಮ್ಮ,” ಎಂದು ಅವರ ಹತ್ತಿರ ಹೇಳಿ, ನನ್ನ ಕಡೆ ತಿರುಗಿ, “ಇದು ಅಲ್ಯೂಮಿನಿಯಂ, ಬಿಚ್ಚಿ ತೊಳೆದ್ರೆ ಉಳಿಯುದಿಲ್ಲ. ಹೊಸದು ಹಾಕು. ನನಗೆ ದುಡ್ಡು ಬೇಡ, ನಾನು ಮೂಸಿದ್ದು ಮಾತ್ರ,” ಎಂದರು. ಹೇಳಬೇಕಾದ ಉಳಿದದ್ದನ್ನು ನನಗೇ ಬಿಟ್ಟರು. ಆ ಹಿರಿತನವನ್ನು ನಾನು ಮರೆಯುವ ಹಾಗಿಲ್ಲ.

ಬೆಳ್ಮಣ್ಣಿನ ತನಕ ವ್ಯಾನು ಓಡಿಸುತ್ತಾ ಲೆಕ್ಕ ಹಾಕಿದೆ. ಹಳೆಯ ಕಾರು, ಹೀಗೆಲ್ಲ ಆಗುತ್ತದೆ ಎಂದರೆ ಮುಗಿಯಿತು, ಯಾರೂ ಕೇಳುವವರಿಲ್ಲ. ಬಾವ ಹೇಳಿದ ಬಾಟ್ಲಿಯ ದಾರಿಯೂ ಇತ್ತು. ಆದರೆ ಆ ಬಾಟ್ಲಿ ಎಂದರೆ ಮತ್ತೆ ಅದೇ ಅರಿಶಿನ ತಾನೇ? ಆ ಹೊತ್ತಿಗೆ ನಿಲ್ಲಿಸಿ ಕಳಿಸುವುದು, ಆಮೇಲಿನದ್ದನ್ನು ಅವರ ತಲೆಗೆ ಬಿಡುವುದು. ಪೇಟೆ ದಾಟಿದ ಮೇಲೆ ವ್ಯಾನನ್ನು ಬದಿಗೆ ನಿಲ್ಲಿಸಿ ಎಲ್ಲ ಹೇಳಿದೆ. ಗ್ಯಾಸ್ಕೆಟ್ ಹೋದದ್ದು, ಯಾಕೆ ಹೋದದ್ದು, ಯಾರ ಮಾತಿನಿಂದ. ಸೋಮವಾರ ನೋಡದೆ ‘ಸಣ್ಣ ಕೆಲಸ’ ಎಂದದ್ದನ್ನೂ ಸೇರಿಸಿದೆ.

“ಸಾಮಾನಿಗೆ ಫ್ಯಾನಿನದ್ದೂ ಸೇರಿ ಹದಿನಾಲ್ಕು ಸಾವಿರದ ಹತ್ತಿರ ಬರ್ತದೆ ಅಕ್ಕ. ರೇಡಿಯೇಟರೇ ನಾಲ್ಕು ಸಾವಿರದ ಮೇಲೆ. ವಾಟರ್ ಪಂಪು, ಗ್ಯಾಸ್ಕೆಟ್ಟು, ಆಯಿಲು, ಕೂಲಂಟು ಎಲ್ಲ ಉಂಟು. ಕೂಲಿ ಏಳು ಸಾವಿರ ಆಗ್ತಿತ್ತು, ಅದು ನನಗೆ ಬೇಡ. ಹೀಗೆ ಮಾಡಿದ್ರೆ ಇಂಜಿನು ಇನ್ನೂ ನಾಲ್ಕೈದು ವರ್ಷ ಓಡ್ತದೆ, ಇದು ಈ ಸಲ ನೋಡಿ ಹೇಳುವ ಮಾತು. ಕೊಟ್ಟುಬಿಡ್ತೇನೆ ಅಂದ್ರೂ ನನ್ನ ತಕರಾರಿಲ್ಲ.”

ಬೈಯುತ್ತಾರೆ ಎಂದು ಕಾದೆ.

“ಮಗುವಿಗೆ ಮೈಗೆ ಹಚ್ಚುವಾಗ ಅರಿಶಿನ ಎಷ್ಟು ಬೇಕು, ಹೆಚ್ಚಾದ್ರೆ ಎಂತ ಆಗ್ತದೆ, ನನಗೆ ಗೊತ್ತುಂಟು,” ಎಂದರು ಅಕ್ಕ. “ಕಾರಿಗೂ ಒಮ್ಮೆ ಕೇಳ್ಬೇಕಿತ್ತು. ಕೇಳ್ಲಿಲ್ಲ. ಚಮಚ ನಿಮ್ಮದು, ಡಬ್ಬಿ ನನ್ನದು. ಅರ್ಧ ಕೂಲಿ ತೆಗೆದುಕೊಳ್ಳಿ. ಪುಕ್ಕಟೆ ಮಾಡಿದ್ರೆ ನಾಳೆ ಒಂದು ನಟ್ಟು ಸಡಿಲ ಆದ್ರೂ ನಿಮ್ಮನ್ನು ಬೈಲಿಕ್ಕೆ ನನಗೆ ಬಾಯಿ ಇರುದಿಲ್ಲ.”

ನಾನು ನಕ್ಕೆ. ಅವರು ನಗಲಿಲ್ಲ, ನಿಜವಾಗಿಯೇ ಹೇಳಿದ್ದು. “ಆದ್ರೆ ಬೆಳಿಗ್ಗೆ ನನ್ನನ್ನು ಮುಟ್ಟಿಸುದು ನಿಮ್ಮ ಜವಾಬ್ದಾರಿ. ಎಂಟು ಅಂದ್ರೆ ಎಂಟು.”

ಆ ವಾರ ಹಾಗೆಯೇ ನಡೆಯಿತು. ಒಂದು ದಿನ ನಾನು, ಒಂದು ದಿನ ಬಾವ, ಅಕ್ಕನನ್ನು ಮಣಿಪಾಲ, ಕಾರ್ಕಳ ಸುತ್ತಿಸಿ ತರುವುದು. ಉಳಿದವನು ಇಂಜಿನಿನ ಮೇಲೆ. ಬಾಟ್ಲಿಯ ಮಾತು ಬಾವ ಮತ್ತೆ ಎತ್ತಲಿಲ್ಲ. ಅರಿಶಿನದ ಕಥೆ ಕೇಳಿ ಅರ್ಧ ಗಂಟೆ ನಗಾಡಿದ, ಆಮೇಲೆ ಅವನೇ ಮೊದಲು ಬೋಲ್ಟು ಬಿಚ್ಚುವ ಪಾನ ಹಿಡಿದ.

ಗುರುವಾರ ತಲೆ ಬಿಚ್ಚಲು ಹೊರಟೆ. ಸಮುದ್ರದ ಗಾಳಿ ತಿಂದ ಕಾರಿನಲ್ಲಿ ಯಾವ ಬೋಲ್ಟೂ ಸುಲಭಕ್ಕೆ ಬರುವುದಿಲ್ಲ. ಹಿಂದಿನ ದಿನವೇ ಎಣ್ಣೆ ಬಿಟ್ಟಿದ್ದೆ, ಆದರೂ ಸೈಲೆನ್ಸರಿಗೆ ಹೋಗುವ ಕೊಳವೆಯ ಒಂದು ಸ್ಟಡ್ ಟಕ್ಕೆಂದು ತುಂಡಾಯಿತು. ಉಳಿದ ಮೋಟನ್ನು ನಡುವಿನಲ್ಲಿ ಕೊರೆದು ತೆಗೆದು, ತೂತಿಗೆ ಹೊಸ ಥ್ರೆಡ್ ಹಾಕುವುದಕ್ಕೆ ಅರ್ಧ ದಿನ ಹೋಯಿತು. ತಲೆಯ ಬೋಲ್ಟುಗಳನ್ನು ಹೊರಗಿನಿಂದ ಒಳಕ್ಕೆ, ಒಂದೊಂದನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತಾ ಬರಬೇಕು. ಒಂದನ್ನೇ ಪೂರ್ತಿ ಬಿಚ್ಚಿದರೆ ತಲೆ ಸೊಟ್ಟಗಾಗುತ್ತದೆ. ಎತ್ತಿ ನೋಡಿದರೆ ಎರಡನೆಯ, ಮೂರನೆಯ ಸಿಲಿಂಡರಿನ ನಡುವೆ ಗ್ಯಾಸ್ಕೆಟ್ ಕಪ್ಪಾಗಿ ಹರಿದಿತ್ತು. ತಲೆಯ ಮೇಲೆ ನೇರ ಪಟ್ಟಿ ಇಟ್ಟು ಸಂದಿಯಲ್ಲಿ ಫೀಲರ್ ಗೇಜಿನ ಎಲೆ ತೂರಿಸಿದೆ. ತೂರಬಾರದ ದಪ್ಪದ್ದು ತೂರಿತು. ಬಾಗಿದೆ, ಆದರೆ ಬಿರುಕಿಲ್ಲ. ಬಿರುಕು ಇದ್ದಿದ್ದರೆ ಬೆಳ್ಮಣ್ಣಿನಲ್ಲಿ ನಾನು ಹೇಳಿದ ಲೆಕ್ಕವೆಲ್ಲ ಸುಳ್ಳಾಗುತ್ತಿತ್ತು.

ಶುಕ್ರವಾರ ಅದನ್ನು ಆದಿ ಉಡುಪಿಯ ಲೇತ್ ಅಂಗಡಿಗೆ ಒಯ್ದು ಮೈ ಸಮ ಮಾಡಿಸಿ ತಂದೆ. ಶನಿವಾರ ಇಡೀ ದಿನ ಇಂಜಿನಿನ ಒಳಗೆ ಪೈಪು ಬಿಟ್ಟು ನೀರು ಹರಿಸಿದ್ದೇ ಕೆಲಸ. ಹಳದಿ ನೀರು ಗ್ಯಾರೇಜಿನ ಮುಂದಿನ ಚರಂಡಿಯಲ್ಲಿ ಹೊಳೆಯ ಹಾಗೆ ಹರಿಯಿತು. ಎದುರಿನ ತರಕಾರಿ ಅಂಗಡಿಯವರು ಬಾಗಿ ನೋಡಿ, “ಎಂತ, ಒಳಗೆ ಮದುಮಗಳಿಗೆ ಸ್ನಾನವಾ?” ಎಂದು ಕೇಳಿದರು. ಬಾವ, “ಹೌದು, ಹದಿನಾಲ್ಕು ವರ್ಷದ ಮದುಮಗಳು,” ಎಂದ. ಸಂಜೆಯ ಹೊತ್ತಿಗೆ ನೀರು ತಿಳಿಯಾಯಿತು.

ಭಾನುವಾರ ಹೊಸ ಗ್ಯಾಸ್ಕೆಟ್ ಇಟ್ಟು, ಈ ಸಲ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ ಮೂರು ಸುತ್ತಿನಲ್ಲಿ, ಬಿಗಿತ ಅಳೆಯುವ ಟಾರ್ಕ್ ಪಾನದಿಂದ ಬಿಗಿದೆ. ರೇಡಿಯೇಟರು, ಪಂಪು, ಥರ್ಮೋಸ್ಟಾಟ್ ಎಲ್ಲ ಹೊಸದು. ಕೂಲಂಟ್ ತುಂಬಿಸಿ ಚಾಲೂ ಮಾಡಿದೆವು. ಹತ್ತು ನಿಮಿಷಕ್ಕೆ ಮುಳ್ಳು ಮತ್ತೆ ಮೇಲೆ ಹೋಯಿತು.

ಕೀಲಿ ತಿರುಗಿಸಿ ಇಂಜಿನ್ ಬಂದ್ ಮಾಡಿ ಸೀಟಿನಲ್ಲೇ ಕೂತುಬಿಟ್ಟೆ. ಅಷ್ಟು ದಿನದ ಕೆಲಸದ ನಂತರ ಆ ಮುಳ್ಳನ್ನು ನೋಡಲು ಕಣ್ಣು ಒಪ್ಪಲಿಲ್ಲ.

“ಇಳಿ ಇಳಿ. ಒಳಗೆ ಗಾಳಿ ನಿಂತಿದೆ, ಇನ್ನೆಂತ?” ಎಂದ ಬಾವ. ಇಂಜಿನ್ ತಣಿದ ಮೇಲೆ ಕಾರಿನ ಮುಂದಿನ ಚಕ್ರಗಳನ್ನು ಇಳಿಜಾರು ಹಲಗೆಗೆ ಹತ್ತಿಸಿ, ಮುಖ ಮೇಲೆ ಮಾಡಿ, ಮುಚ್ಚಳ ತೆಗೆದಿಟ್ಟು ಮೆಲ್ಲ ಓಡಿಸಿದೆವು. ಗುಳುಗುಳು ಎಂದು ಗಾಳಿ ಹೊರಬಂತು, ಕೂಲಂಟ್ ಕೆಳಗಿಳಿಯಿತು, ಮತ್ತೆ ತುಂಬಿಸಿದೆವು. ನಾಲ್ಕು ಸಲ ಹಾಗೆ ಮಾಡಿದ ಮೇಲೆ ಗುಳ್ಳೆ ನಿಂತಿತು. ಮುಳ್ಳು ನಡುವಿಗೆ ಬಂದು ಅಲ್ಲೇ ನಿಂತಿತು. ಆ ಇಡೀ ವಾರದಲ್ಲಿ ನಾನು ಎಡವಿದಲ್ಲೆಲ್ಲ ಯಾರಾದರೂ ಒಬ್ಬರು ಕೈ ಕೊಟ್ಟಿದ್ದಾರೆ. ಬಾವನಿಗೆ ಇದನ್ನು ಬಾಯಿಬಿಟ್ಟು ಹೇಳಿದರೆ ಅವನು ಕೊಬ್ಬುತ್ತಾನೆ. ಅದಕ್ಕೆ ಇಲ್ಲಿ ಬರೆದಿಡುತ್ತಿದ್ದೇನೆ.

ಸೋಮವಾರ ಬೆಳಿಗ್ಗೆ ಅಕ್ಕನೇ ಓಡಿಸಿದರು, ನಾನು ಪಕ್ಕದಲ್ಲಿ ಕೂತೆ. ಇಂದ್ರಾಳಿಯ ಏರಿನಲ್ಲಿ ಎಸಿ ಹಾಕಿಸಿದೆ. ಅವರು ರಸ್ತೆ ನೋಡಿದರು, ನಾನು ಮುಳ್ಳು ನೋಡಿದೆ. ಕದಲಲಿಲ್ಲ. ಫ್ಲ್ಯಾಟಿನ ಕೆಳಗೆ ಕಾರು ನಿಲ್ಲಿಸಿದಾಗ ಎಂಟಕ್ಕೆ ಹತ್ತು ನಿಮಿಷ ಇತ್ತು. ಬಾಲ್ಕನಿಯಲ್ಲಿ ನಿಂತಿದ್ದ ಮಕ್ಕಳ ಅಜ್ಜಿ ನೋಡಿ ಒಳಗೆ ಹೋದರು. ಅಕ್ಕ ಮಣೆಯನ್ನು ನನ್ನ ಕೈಗೆ ಕೊಟ್ಟು, “ಲಿಫ್ಟಿನ ತನಕ ತನ್ನಿ,” ಎಂದರು.

ಹನ್ನೊಂದು ದಿನ ಕಳೆದು, ಒಂದು ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಅಕ್ಕನ ಕಾರು ಗ್ಯಾರೇಜಿನ ಮುಂದೆ ನಿಂತಿತು. ಇಂಜಿನ್ ಬಂದ್ ಮಾಡದೆ ಕಿಟಕಿ ಇಳಿಸಿದರು. ಅವಳಿಗಳ ನಲವತ್ತು ದಿನ ಅವತ್ತಿಗೆ ಮುಗಿದಿತ್ತು. ಮಕ್ಕಳ ಅಜ್ಜಿ ಸೀರೆ ಕೊಟ್ಟರಂತೆ, ಹೆಬ್ರಿಯಲ್ಲಿರುವ ತಮ್ಮ ತಂಗಿಯ ಮನೆಗೆ ಅವರೇ ಫೋನು ಮಾಡಿ ಈ ಅಕ್ಕನ ವಿಷಯ ಹೇಳಿದರಂತೆ.

“ಅಲ್ಲಿ ಹೆಣ್ಣು ಮಗು. ನಾಳೆಯಿಂದಲೇ ಬರ್ಬೇಕಂತೆ. ದಿನಾ ಹೆಬ್ರಿಗೆ ಹೋಗಿ ಬಂದ್ರೆ ಕಾರು ತಡೀತದಾ ಅಣ್ಣ?”

ಕಿಟಕಿಯಿಂದ ತಲೆ ಒಳಗೆ ಹಾಕಿ ಮುಳ್ಳು ನೋಡಿದೆ. ಬಾನೆಟ್ ತೆಗೆಸಿ ಕೂಲಂಟಿನ ಮಟ್ಟ ನೋಡಿದೆ, ಮುಚ್ಚಳ ಒಮ್ಮೆ ಬಿಗಿದೆ.

“ತಡೀತದೆ ಅಕ್ಕ,” ಎಂದೆ.

ಮರುದಿನ ಅವರು ಹೆಬ್ರಿಗೆ ಹೋದರು.